‘ಸುಸ್ತಾಗಿದೆ’ ಎಂದು ಹೋದ ಫುಟ್‌ಬಾಲ್ ಕೋಚ್ ಮೇಲಿನ ಸಿಟ್ಟು: ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿ 38 ವರ್ಷದ ಗಂಡಸು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಸಪೋರ್ಟ್ ತಂಡದ ಮ್ಯಾನೇಜರ್, ಕೈಕೆಳಗೆ ಹದಿನಾಲ್ಕು ಜನ. ಒಂಬತ್ತು ವರ್ಷದ ಮಗನಿದ್ದಾನೆ. ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಿದೆ. ಫುಟ್‌ಬಾಲ್‌ನ ವಿವರಗಳನ್ನು ಬದಲಿಸಿಲ್ಲ, ಅವನ್ನು ಮುಟ್ಟಿದರೆ ಪ್ರಕರಣವೇ ಅರ್ಥವಾಗುವುದಿಲ್ಲ.

2024ರ ನವೆಂಬರ್‌ನಲ್ಲಿ ಹೆಂಡತಿ ಕರೆತಂದರು. ದೂರೂ ಅವರದೇ: ರಾತ್ರಿ ಎರಡರವರೆಗೆ ಫೋನು, ಮಗನ ಮೇಲೆ ರೇಗಾಟ, ಮನೆಯಲ್ಲಿ ಮಾತಿಲ್ಲ. “ಜನವರಿಯಿಂದ ಯಾರೋ ತೀರಿಕೊಂಡೋರ ಮನೆ ಥರ ಇತ್ತು ಮೇಡಂ. ದಸರಾ ಹೊತ್ತಿಗೆ ಅದೆಲ್ಲ ಸಿಟ್ಟಾಯ್ತು. ಕೇಳಿದ್ರೆ ಲಿವರ್‌ಪೂಲ್ ಕೋಚ್ ಅಂತಾರೆ. ಆಟಕ್ಕೆ ಹಿಂಗಾಡ್ತಾರಾ ಯಾರಾದ್ರೂ?” ಗಂಡ ತಲೆ ತಗ್ಗಿಸಿ ಕೂತಿದ್ದರು.

ಆಡುತ್ತಾರೆ. ನೇರ ಪರಿಚಯವೇ ಇಲ್ಲದ ಪ್ರಸಿದ್ಧ ವ್ಯಕ್ತಿಯ ಜೊತೆ ಬೆಳೆಯುವ ಏಕಮುಖ ಬಂಧದ ಬಗ್ಗೆ ಹಾರ್ಟನ್ ಮತ್ತು ವೋಲ್ 1956ರಲ್ಲೇ ಬರೆದಿದ್ದಾರೆ. ಅಂಥ ಬಂಧ ಕಡಿದಾಗ ಆಗುವ ನೋವು ನಿಜವಾದದ್ದು, ಆದರೆ ಸುತ್ತಲಿನವರು ಅದನ್ನು ನೋವೆಂದು ಒಪ್ಪುವುದಿಲ್ಲ. ಒಪ್ಪಿಗೆ ಸಿಗದ ದುಃಖ ಬೇಗ ಸಿಟ್ಟಾಗುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲಿ ಮೊದಲ ಸಲಹೆ ಹೋದದ್ದು ಹೆಂಡತಿಗೆ. ‘ಆಟ ತಾನೇ’ ಎಂಬ ಮಾತನ್ನು ಸದ್ಯಕ್ಕೆ ನಿಲ್ಲಿಸಿ, ‘ಇವತ್ತು ಮ್ಯಾಚ್ ಎಷ್ಟೊತ್ತಿಗೆ, ನೋಡ್ತೀರಾ?’ ಎಂದಷ್ಟೇ ಕೇಳಿ ಎಂದೆವು. ಅವರಿಗೆ ಇದು ಅಷ್ಟೇನೂ ಹಿಡಿಸಲಿಲ್ಲ.

ಫುಟ್‌ಬಾಲ್ ನೋಡದವರಿಗಾಗಿ ಹಿನ್ನೆಲೆ. ಯುರ್ಗೆನ್ ಕ್ಲಾಪ್ 2015ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ಗೆ ಕೋಚ್ ಆಗಿ ಬಂದರು. 2019ರಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್, 2020ರಲ್ಲಿ ಮೂವತ್ತು ವರ್ಷಗಳ ನಂತರ ಇಂಗ್ಲೆಂಡಿನ ಲೀಗ್ ಪ್ರಶಸ್ತಿ, ಅದೂ 99 ಅಂಕಗಳೊಂದಿಗೆ. 2024ರ ಜನವರಿ 26ರಂದು, ನಮ್ಮಲ್ಲಿ ಗಣರಾಜ್ಯೋತ್ಸವದ ರಜೆಯ ದಿನ, ಈ ಸೀಸನ್ ಮುಗಿದ ಮೇಲೆ ಹೊರಡುತ್ತೇನೆ, ನನ್ನಲ್ಲಿ ಶಕ್ತಿ ಮುಗಿಯುತ್ತಿದೆ ಎಂದು ಪ್ರಕಟಿಸಿದರು. ಒಪ್ಪಂದ 2026ರವರೆಗೆ ಇತ್ತು, ತಂಡ ಆಗ ಪಟ್ಟಿಯ ತುದಿಯಲ್ಲಿತ್ತು. ಫೆಬ್ರವರಿಯಲ್ಲಿ ಲೀಗ್ ಕಪ್ ಬಂತು. ಆಮೇಲೆ ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 4-3 ಸೋಲು, ತವರು ಮೈದಾನ ಆನ್‌ಫೀಲ್ಡ್‌ನಲ್ಲೇ ಅಟಲಾಂಟಾ ಎದುರು 3-0 ಸೋಲು, ಎವರ್ಟನ್ ಎದುರು 2-0 ಸೋಲು. ಲೀಗ್‌ನಲ್ಲಿ ಮೂರನೇ ಸ್ಥಾನ. ಮೇ 19ರ ಕೊನೆಯ ಪಂದ್ಯದ ನಂತರ ಕ್ಲಾಪ್ ತಾವೇ ನಿಂತು, ಮುಂದೆ ಬರಲಿರುವ ಆರ್ನೆ ಸ್ಲಾಟ್ ಹೆಸರನ್ನು ಪ್ರೇಕ್ಷಕರಿಂದ ಹಾಡಿಸಿದರು. ಅಕ್ಟೋಬರ್ 9ರಂದು ಇನ್ನೊಂದು ಸುದ್ದಿ: ಹೊಸ ವರ್ಷದಿಂದ ಕ್ಲಾಪ್ ರೆಡ್ ಬುಲ್ ಕಂಪನಿಯ ಫುಟ್‌ಬಾಲ್ ವಿಭಾಗದ ಜಾಗತಿಕ ಮುಖ್ಯಸ್ಥ.

“ಸುಸ್ತು ಅಂದ್ರು. ಐದು ತಿಂಗಳೂ ಆಗಿಲ್ಲ, ಹೊಸ ಕೆಲಸ. ನಮ್ಮೆಲ್ಲರ ಕಣ್ಣಲ್ಲಿ ನೀರು ಹಾಕ್ಸಿದ್ದು ಯಾಕೆ ಹಂಗಾದ್ರೆ?”

ಇಂಥ ಸಲಹಾರ್ಥಿ ಎದುರು ಕೂತಾಗ ಅರ್ಥ ಹುಡುಕುವ ಆಸೆ ಬೇಗ ಹುಟ್ಟುತ್ತದೆ. ಅದಕ್ಕೂ ಮುಂಚೆ ನೋಡಬೇಕಾದದ್ದು ನಿದ್ದೆ, ಕುಡಿತ, ರಕ್ತ. ಇವರ ನಿದ್ದೆ ನಾಲ್ಕೂವರೆಯಿಂದ ಐದು ಗಂಟೆ. ಕುಡಿತ ಹೆಚ್ಚಾಗಿರಲಿಲ್ಲ. ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 11, ಅಂದರೆ ಮಧ್ಯಮ ಮಟ್ಟದ ಖಿನ್ನತೆಯ ಲಕ್ಷಣಗಳು. ಸಾಯುವ ಯೋಚನೆ ಬರುತ್ತದೆಯೇ ಎಂದು ಸುತ್ತುಬಳಸದೆ ಕೇಳಿದೆವು, ಇಲ್ಲ ಎಂದರು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ಪರೀಕ್ಷೆಗೆ ಕುಟುಂಬ ವೈದ್ಯರ ಬಳಿ ಕಳಿಸಿದೆವು. ಬಿ12 ಕಡಿಮೆ ಇತ್ತು, ಔಷಧ ಶುರುವಾಯಿತು. ಬರೀ ಮಾತಿನಿಂದ ಇದು ಗೊತ್ತಾಗುತ್ತಿರಲಿಲ್ಲ.

ನಿದ್ದೆಗೆಡಲು ಕಾರಣ ಪಂದ್ಯಗಳೇ ಎಂದು ಹೆಂಡತಿ ನಂಬಿದ್ದರು. ಗಂಟೆ ಬರೆಸಿ ನೋಡಿದರೆ ಲೆಕ್ಕ ಬೇರೆಯೇ ಇತ್ತು. ಇಂಗ್ಲೆಂಡಿನ ಮಧ್ಯಾಹ್ನ ಮೂರರ ಪಂದ್ಯ ಚಳಿಗಾಲದಲ್ಲಿ ನಮಗೆ ರಾತ್ರಿ 8:30ಕ್ಕೆ, ಸಂಜೆ ಐದೂವರೆಯದು 11ಕ್ಕೆ. ಮಧ್ಯರಾತ್ರಿಯ ಮೇಲೆ ಶುರುವಾಗುವುದು ಚಾಂಪಿಯನ್ಸ್ ಲೀಗ್‌ನಂಥ ವಾರದ ನಡುವಿನ ಪಂದ್ಯಗಳು, ಹೆಚ್ಚಾಗಿ 1:30ಕ್ಕೆ. ಅಂಥವು ತಿಂಗಳಿಗೆ ಕೆಲವೇ. ಉಳಿದ ಎಲ್ಲ ರಾತ್ರಿಗಳನ್ನೂ ತಿನ್ನುತ್ತಿದ್ದುದು ಹಳೆಯ ತುಣುಕುಗಳು: 2019ರ ಮೇ 7, ಬಾರ್ಸಿಲೋನಾ ಎದುರು 4-0. ಅದು ಮುಗಿದರೆ ಕ್ಲಾಪ್ ವಿದಾಯದ ಭಾಷಣ, ಆಮೇಲೆ ಅದರ ಕೆಳಗಿನ ಜಗಳಗಳು. ಇದು ದಿನವೂ ಒಂದೂವರೆ ಗಂಟೆ.

ನಿಲ್ಲಿಸಿ ಎನ್ನಲಿಲ್ಲ. ಪೂರ್ತಿ ನಿಲ್ಲಿಸಿದವರು ಎರಡನೇ ವಾರದ ಹೊತ್ತಿಗೆ ಕದ್ದು ನೋಡಲು ಶುರು ಮಾಡಿ, ಮೊದಲಿಗಿಂತ ಹೆಚ್ಚು ನೋಡುತ್ತಾರೆ. ಹಳೆಯ ತುಣುಕಿಗೆ ಭಾನುವಾರ ಸಂಜೆ 20 ನಿಮಿಷ ಇಟ್ಟೆವು. ಟಿವಿಯಲ್ಲೇ ನೋಡಬೇಕು, ಮಗ ಪಕ್ಕದಲ್ಲಿರಬೇಕು, ಏನಾಗುತ್ತಿದೆ ಎಂದು ಅವನಿಗೆ ವಿವರಿಸಬೇಕು. ಬಾಯಿಬಿಟ್ಟು ವಿವರಿಸುವಾಗ ನೆನಪು ಒಂದು ಕಡೆ ಮುಗಿಯುತ್ತದೆ, ಒಬ್ಬರೇ ಹಾಸಿಗೆಯಲ್ಲಿ ನೋಡಿದರೆ ಮುಗಿಯುವುದೇ ಇಲ್ಲ. 1:30ರ ಪಂದ್ಯವನ್ನು ಬೆಳಿಗ್ಗೆ ಆರಕ್ಕೆ ರೆಕಾರ್ಡ್‌ನಲ್ಲಿ ನೋಡುವುದು, ಅದಕ್ಕೆ ಹಿಂದಿನ ರಾತ್ರಿಯೇ ಸ್ಕೋರ್ ಆ್ಯಪ್‌ನ ನೋಟಿಫಿಕೇಶನ್ ಮತ್ತು ಗೆಳೆಯರ ವಾಟ್ಸ್‌ಆ್ಯಪ್ ಗುಂಪು ಎರಡನ್ನೂ ಮ್ಯೂಟ್ ಮಾಡುವುದು. ಗುಂಪನ್ನು ಮರೆಯುವವರೇ ಹೆಚ್ಚು, ಹಲ್ಲುಜ್ಜುವ ಮುಂಚೆಯೇ ಯಾರೋ ಒಬ್ಬರ ಇಮೋಜಿಯಿಂದ ಫಲಿತಾಂಶ ತಿಳಿದಿರುತ್ತದೆ. ಪಂದ್ಯ ಮುಗಿದ ಮೇಲೆ ಒಂದು ಗಂಟೆ ಯಾರ ಕಾಮೆಂಟನ್ನೂ ಓದಕೂಡದು. ಮೂರು ವಾರದಲ್ಲಿ ನಿದ್ದೆ ಆರೂವರೆ ಗಂಟೆಗೆ ಬಂತು, ರೇಗಾಟ ಅರ್ಧ ಇಳಿಯಿತು.

ಉಳಿದರ್ಧ ಕ್ಲಾಪ್ ಮೇಲಿನದು, ಅದು ನಿದ್ದೆಗೆ ಬಗ್ಗಲಿಲ್ಲ.

ಅವರ ವಾದ ಸಿದ್ಧವಾಗಿತ್ತು. ಜರ್ಮನಿಯಲ್ಲಿ ಕ್ಲಬ್‌ನ ಮತಾಧಿಕಾರದ ಬಹುಪಾಲು ಸದಸ್ಯರ ಬಳಿಯೇ ಇರಬೇಕು, ಅದಕ್ಕೆ 50+1 ನಿಯಮ ಎನ್ನುತ್ತಾರೆ. 2009ರಲ್ಲಿ ಮಾರ್ಕ್‌ರಾನ್‌ಸ್ಟೆಟ್ ಎಂಬ ಸಣ್ಣ ಕ್ಲಬ್ಬಿನ ಪರವಾನಗಿ ಪಡೆದು ಹುಟ್ಟಿದ ರೆಡ್ ಬುಲ್‌ನ ಕ್ಲಬ್ ಆರ್‌ಬಿ ಲೈಪ್ಜಿಗ್, ಮತವಿರುವ ಸದಸ್ಯರನ್ನು ಬೆರಳೆಣಿಕೆಯಷ್ಟಕ್ಕೇ ಇಟ್ಟು ಆ ನಿಯಮದ ಆಶಯವನ್ನೇ ಬದಿಗೊತ್ತಿತು ಎಂಬುದು ಅಲ್ಲಿನ ಅಭಿಮಾನಿಗಳ ಹಳೆಯ ಸಿಟ್ಟು. ಕ್ಲಾಪ್ ವೃತ್ತಿಯಲ್ಲಿ ಬೆಳೆದದ್ದು ಜರ್ಮನಿಯ ಮೈಂಜ್ ಕ್ಲಬ್‌ನಲ್ಲಿ: 1990ರಿಂದ ಆಟಗಾರ, 2001ರಿಂದ 2008ರವರೆಗೆ ಕೋಚ್. ಆಮೇಲೆ ಡಾರ್ಟ್‌ಮುಂಡ್‌ನಲ್ಲಿ 2011, 2012ರ ಲೀಗ್ ಪ್ರಶಸ್ತಿ. ಆ ಊರುಗಳ ಅಭಿಮಾನಿಗಳು ರೆಡ್ ಬುಲ್ ಸುದ್ದಿಗೆ ಕೆರಳಿದರು, ಮೈಂಜ್‌ನವರು ಗ್ಯಾಲರಿಯಲ್ಲಿ ಬ್ಯಾನರ್ ಹಿಡಿದರು. ಮೈಂಜ್‌ನ ಸದಸ್ಯನ ಸಿಟ್ಟಿಗೆ ಒಂದು ವಿಳಾಸವಿದೆ: ಅವನ ಕ್ಲಬ್, ಅವನ ಮತ, ಅವನ ಲೀಗ್. ಆದರೆ ನಮ್ಮ ಸಲಹಾರ್ಥಿ ಬೆಂಬಲಿಸುವ ಲಿವರ್‌ಪೂಲ್‌ನ ಒಡೆತನ 2010ರಿಂದ ಒಂದು ಅಮೆರಿಕನ್ ಹೂಡಿಕೆ ಸಂಸ್ಥೆಯದು. ಅದರ ಬಗ್ಗೆ ಅವರು ಹದಿನಾಲ್ಕು ವರ್ಷ ನಿದ್ದೆಗೆಟ್ಟಿರಲಿಲ್ಲ.

ಸಿಟ್ಟು ತತ್ವದ್ದೋ ಗಾಯದ್ದೋ ತಿಳಿಯಲು ಸುಲಭ ದಾರಿಯೊಂದಿದೆ. ತತ್ವವನ್ನು ತೆಗೆದು ಅದೇ ಪ್ರಶ್ನೆ ಕೇಳಬೇಕು. ಕ್ಲಾಪ್ ರೆಡ್ ಬುಲ್‌ಗೆ ಹೋಗದೆ ಅದೇ ಅಕ್ಟೋಬರ್‌ನಲ್ಲಿ ಜರ್ಮನಿಯ ರಾಷ್ಟ್ರೀಯ ತಂಡ ಸೇರಿದ್ದರೆ ಸಿಟ್ಟು ಬರುತ್ತಿತ್ತೇ ಎಂದು ಕೇಳಿದೆವು.

ಬಹಳ ಹೊತ್ತು ಸುಮ್ಮನಿದ್ದರು. “ಬರ್ತಿತ್ತು. ಸುಸ್ತು ಅಂದಿದ್ರಲ್ಲ.”

ಅಲ್ಲಿಂದ ಮಾತು ಫುಟ್‌ಬಾಲ್ ಬಿಟ್ಟು ಆಫೀಸಿಗೆ ಬಂತು. ನಾಲ್ಕು ವರ್ಷದಿಂದ ವಾರಕ್ಕೆ ಮೂರು ರಾತ್ರಿ ಅಮೆರಿಕದ ಕರೆಗಳು. ಸಿಸ್ಟಮ್ ಬಿದ್ದರೆ ಮೊದಲ ಫೋನು ಇವರಿಗೇ. ತಂಡವನ್ನು ಕ್ಲಾಪ್ ನಡೆಸಿದ ಹಾಗೆ ನಡೆಸಬೇಕೆಂದು ಎಲ್ಲರ ಹುಟ್ಟುಹಬ್ಬ, ಎಲ್ಲರ ಮನೆಕಷ್ಟ ನೆನಪಿಟ್ಟಿದ್ದರು. ಜನವರಿಯ ಆ ವಿಡಿಯೊ ನೋಡಿದಾಗ ದುಃಖಕ್ಕಿಂತ ಮೊದಲು ಬಂದದ್ದು ಇನ್ನೊಂದು: ‘ಇವರಿಗೆ ನಿಲ್ಲೋಕೆ ಆಗುತ್ತೆ, ನನಗಾಗಲ್ಲ.’ ಸಾಲ ಇದೆ, ಮಗನ ಶಾಲೆ ಇದೆ. ಶಕ್ತಿ ಮುಗಿದರೆ ಮನುಷ್ಯ ಪೂರ್ತಿ ನಿಲ್ಲಲೇಬೇಕು, ತನಗದು ಸಾಧ್ಯವಿಲ್ಲ ಎಂದುಕೊಂಡರೆ ತಾನು ನಿಲ್ಲದಿರುವುದಕ್ಕೆ ಒಂದು ಸಮಾಧಾನವಿತ್ತು. ಅಕ್ಟೋಬರ್ ಸುದ್ದಿ ಅದನ್ನೂ ಕಿತ್ತುಕೊಂಡಿತು.

ಇಲ್ಲಿ ಕೆಲಸಕ್ಕೆ ಬಂದದ್ದು ಕ್ಲಾಪ್ ನಡೆದುಕೊಂಡ ಕ್ರಮವೇ. ಹಾಳೆಯೊಂದರಲ್ಲಿ ಎರಡು ಉದ್ಯೋಗಗಳನ್ನು ಅಕ್ಕಪಕ್ಕ ಬರೆಸಿದೆವು. ಲಿವರ್‌ಪೂಲ್‌ನಲ್ಲಿ ದಿನವೂ ಅಭ್ಯಾಸ, ಬಹುಪಾಲು ಸೀಸನ್ ಮೂರ್ನಾಲ್ಕು ದಿನಕ್ಕೊಂದು ಪಂದ್ಯ, ಪ್ರತಿ ಪಂದ್ಯದ ಮುಂಚೆಯೂ ಆಮೇಲೂ ಪತ್ರಿಕಾಗೋಷ್ಠಿ, ಸೋತರೆ ಹೊಣೆ ಒಬ್ಬರದೇ. ರೆಡ್ ಬುಲ್‌ನಲ್ಲಿ ತರಬೇತಿ ಇಲ್ಲ, ಪಂದ್ಯದ ದಿನದ ಹೊಣೆ ಇಲ್ಲ, ಹಲವು ಕ್ಲಬ್‌ಗಳ ಕೋಚ್‌ಗಳಿಗೆ ಸಲಹೆ ಕೊಡುವ ಕೆಲಸ. ಶಕ್ತಿ ಮುಗಿದದ್ದು ಮೊದಲ ಕಾಲಂನಲ್ಲಿದ್ದ ಕೆಲಸಕ್ಕೆ. ಹಾಗಾಗಿ ಸುಸ್ತೂ ನಿಜವಿರಬಹುದು, ಹೊಸ ಕೆಲಸವೂ ನಿಜವಿರಬಹುದು. ಆಮೇಲೆ ಅದೇ ಹಾಳೆಯ ಹಿಂಬದಿಯಲ್ಲಿ ಅವರ ಉದ್ಯೋಗವನ್ನೇ ಬಿಡಿಬಿಡಿಯಾಗಿ ಬರೆಸಿದೆವು, ಪ್ರತಿ ಬಾಬ್ತಿನ ಮುಂದೆ ವಾರಕ್ಕೆ ಎಷ್ಟು ಗಂಟೆ ಎಂದು. ಸುಸ್ತಿನ ಬಹುಪಾಲು ಎರಡೇ ಬಾಬ್ತಿನಲ್ಲಿತ್ತು: ರಾತ್ರಿ ಕರೆ ಮತ್ತು ಮೊದಲ ಫೋನು. ರಾಜೀನಾಮೆಯ ಮಾತು ಬೇಕಿರಲಿಲ್ಲ.

ಮೇಲಧಿಕಾರಿಗೆ ಹೇಳುವ ಬಗೆಯನ್ನೂ ಅಲ್ಲಿಂದಲೇ ತೆಗೆದುಕೊಂಡೆವು. ಕ್ಲಾಪ್ ಕ್ಲಬ್ಬಿಗೆ 2023ರ ನವೆಂಬರ್‌ನಲ್ಲೇ ತಿಳಿಸಿದ್ದರು, ಹೊರಡುವ ದಿನ ಹೇಳಿದ್ದರು, ಸೀಸನ್ ಮುಗಿಸಿ ಹೋದರು. ಸಲಹಾರ್ಥಿಯ ಮೊದಲ ಕರಡಿನಲ್ಲಿ ಒಂದೂವರೆ ಪುಟ ದೂರು, ಕೊನೆಯಲ್ಲಿ ‘ಏನಾದರೂ ಮಾಡಿ’. ಹೀಗೆ ಬರೆದರೆ ಒಂದು ವಾರ ಸಹಾನುಭೂತಿ ಸಿಗುತ್ತದೆ, ಏನೂ ಬದಲಾಗುವುದಿಲ್ಲ. ಎರಡನೇ ಕರಡು ಆರು ಸಾಲು: ತುರ್ತು ಫೋನಿಗೆ ಸಿದ್ಧವಿರುವ ಆನ್-ಕಾಲ್ ಸರದಿಯನ್ನು ನಾಲ್ವರಿಗೆ ಹಂಚಬೇಕು, ಹೊಸ ಸರದಿ ಏಪ್ರಿಲ್ 1ರಿಂದ, ಅಲ್ಲಿಯವರೆಗೆ ನಾನೇ ಮೂವರನ್ನು ತಯಾರು ಮಾಡುತ್ತೇನೆ. ‘ಕ್ಲಾಪ್ ಮೊದಲೇ ಹೇಳಿದ್ದಕ್ಕೇ ಏಪ್ರಿಲ್‌ನಲ್ಲಿ ಲಿವರ್‌ಪೂಲ್ ಬಿತ್ತು’ ಎಂದು ಆಕ್ಷೇಪಿಸಿದರು. ಇರಬಹುದು, ಆ ತಿಂಗಳುಗಳಲ್ಲಿ ಗಾಯಾಳುಗಳ ಪಟ್ಟಿಯೂ ಉದ್ದವಿತ್ತು. ಆದರೂ ಬೇಗ ಹೇಳಿದ್ದರಿಂದ ಮುಂದಿನವರನ್ನು ಹುಡುಕಲು ಕ್ಲಬ್ಬಿಗೆ ತಿಂಗಳುಗಳು ಸಿಕ್ಕವು.

ಸ್ಲಾಟ್ ವಿಷಯ ಬೇರೆ ಗಂಟು. ಹೊಸಬ ಗೆಲ್ಲುತ್ತಿದ್ದರೆ ಇವರಿಗೆ ಖುಷಿಯ ಜೊತೆಗೇ ಚುಚ್ಚುತ್ತಿತ್ತು, ಆ ಗೆಲುವು ಕ್ಲಾಪ್‌ರನ್ನು ಸಣ್ಣದು ಮಾಡುತ್ತದೆಂಬ ಭಾವ. ‘ಎಲ್ಲ ಕ್ಲಾಪ್ ಕಟ್ಟಿದ ಟೀಮೇ’ ಎನ್ನುತ್ತಿದ್ದರು. ಬಹುಮಟ್ಟಿಗೆ ನಿಜ: 2024ರ ಬೇಸಿಗೆಯಲ್ಲಿ ಆ ಸೀಸನ್‌ಗೆ ಬಂದ ದೊಡ್ಡ ಹೆಸರು ಕಿಯೇಸಾ ಒಬ್ಬರೇ. ಗ್ರಾವೆನ್‌ಬೆರ್ಖ್‌ರನ್ನು ತಂದದ್ದು ಕ್ಲಾಪ್ ಕಾಲದಲ್ಲಿ, ಡಿಫೆನ್ಸ್ ಮುಂದೆ ನಿಲ್ಲಿಸಿ ಪ್ರತಿ ವಾರ ಆಡಿಸಿದ್ದು ಸ್ಲಾಟ್. ಇಂಥ ಒಬ್ಬ ಆಟಗಾರನ ಉದಾಹರಣೆ ಹತ್ತು ಬುದ್ಧಿಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆಟ ಬಲ್ಲವರಿಗೆ ಆಟದಿಂದಲೇ ಹೇಳಬೇಕು.

ಕಳಿಸದ ಪತ್ರವೊಂದನ್ನೂ ಬರೆಸಿದೆವು, ಪೆನ್ನಿನಲ್ಲಿ, ಇಪ್ಪತ್ತು ನಿಮಿಷ. ಬರೀ ಕೃತಜ್ಞತೆ ಬರೆದರೆ ಸಿಟ್ಟು ಒಳಗೇ ಉಳಿಯುತ್ತದೆ, ಬರೀ ಆಪಾದನೆ ಬರೆದರೆ ಸಿಟ್ಟು ತಾಲೀಮಾಗುತ್ತದೆ. ಅದಕ್ಕೇ ಎರಡಕ್ಕೂ ಅರ್ಧರ್ಧ ಪುಟ. ಕ್ಲಾಪ್ ಏನು ಉತ್ತರಿಸಿಯಾರು ಎಂದು ಬರೆಸುವ ಪದ್ಧತಿಯೂ ಕೆಲವರಲ್ಲಿದೆ, ನಾವು ಮಾಡಿಸುವುದಿಲ್ಲ. ತೀರಿಕೊಂಡ ತಂದೆಯ ಉತ್ತರ ಊಹಿಸುವುದಕ್ಕೆ ಬದುಕಿಡೀ ಕೇಳಿದ ದನಿ ಇರುತ್ತದೆ. ಟಿವಿಯಲ್ಲಿ ಕಂಡವರ ಉತ್ತರ ಊಹಿಸಿದರೆ ಏಕಮುಖ ಬಂಧಕ್ಕೆ ಇನ್ನಷ್ಟು ಗೊಬ್ಬರ.

ಮಗನನ್ನು ಕಂಠೀರವ ಕ್ರೀಡಾಂಗಣಕ್ಕೆ ಬೆಂಗಳೂರು ಎಫ್‌ಸಿ ಪಂದ್ಯಕ್ಕೆ ಕರೆದೊಯ್ಯಿರಿ ಎಂದದ್ದಕ್ಕೆ ಮೂಗು ಮುರಿದರು. ಆದರೂ ಹೋದರು. ಅಲ್ಲಿನ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ಕೂರುವವರು ವೆಸ್ಟ್‌ವುಡ್, ರೋಕಾ, ಕ್ವಾದ್ರಾತ್ ಎಂಬ ಮೂವರು ಕೋಚ್‌ಗಳನ್ನೂ ಬೀಳ್ಕೊಟ್ಟವರು. 2019ರಲ್ಲಿ ಭಾರತದ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಗೆದ್ದುಕೊಟ್ಟ ಕ್ವಾದ್ರಾತ್ 2021ರ ಜನವರಿಯಲ್ಲಿ ಸೀಸನ್ ನಡುವೆಯೇ ಹೊರಟರು, ಆಮೇಲೆ ಈಸ್ಟ್ ಬೆಂಗಾಲ್ ಕೋಚ್ ಆಗಿ ಎದುರಾಳಿ ಬೆಂಚಿನಲ್ಲಿ ಕಾಣಿಸಿಕೊಂಡರು. ಹೋದ ಕೋಚನ್ನು ನೆನೆಯುತ್ತಲೇ ಇಂದಿನ ತಂಡಕ್ಕೆ ಗಂಟಲು ಹರಿದುಕೊಳ್ಳುವ ಜನ ಅಲ್ಲಿ ಪಕ್ಕದ ಸೀಟಿನಲ್ಲೇ ಸಿಗುತ್ತಾರೆ.

2025ರ ಏಪ್ರಿಲ್ 27ರಂದು ಲಿವರ್‌ಪೂಲ್ ಟಾಟನಂ ಎದುರು 5-1 ಗೆದ್ದು ನಾಲ್ಕು ಪಂದ್ಯ ಬಾಕಿ ಇರುವಾಗಲೇ ಲೀಗ್ ಗೆದ್ದಿತು. ಅಪ್ಪ-ಮಗ ಒಟ್ಟಿಗೆ ನೋಡಿದರಂತೆ. ಕೆಲವು ವಾರಕ್ಕೆ ಮತ್ತೊಂದು ಕರೆ. ಕ್ಲಬ್ ಬಿಡುವುದಾಗಿ ಹೇಳಿದ್ದ ಲಿವರ್‌ಪೂಲ್ ಆಟಗಾರ ಅಲೆಕ್ಸಾಂಡರ್-ಆರ್ನಾಲ್ಡ್ ಆರ್ಸೆನಲ್ ಎದುರು ಮೈದಾನಕ್ಕಿಳಿದಾಗ ಆನ್‌ಫೀಲ್ಡ್‌ನಲ್ಲಿ ಹಲವರು ಛೀಗುಟ್ಟಿದ್ದರು, ಇವರೂ ಮನೆಯಲ್ಲಿ ಟಿವಿಗೆ ಕೂಗಿದ್ದರು. ಆ ಕೂಗು ಕೇಳಿ ಟಿವಿ ಆರಿಸಿದೆ ಎಂದು ಕ್ಲಾಪ್ ಆಮೇಲೆ ಹೇಳಿದಾಗ ಮತ್ತೆ ಗೊಂದಲ. ಈ ಸಲ ಪ್ರಶ್ನೆಯನ್ನು ಅವರೇ ಹಾಕಿಕೊಂಡಿದ್ದರು: ಆತ ರಿಯಲ್ ಮ್ಯಾಡ್ರಿಡ್‌ಗೆ ಹೋಗದೆ ಆಟವನ್ನೇ ಬಿಟ್ಟಿದ್ದರೆ? “ಆಗ ಸಿಟ್ಟು ಬರ್ತಿರ್ಲಿಲ್ಲ. ಇದು ಬರೀ ಫುಟ್‌ಬಾಲ್ ಸಿಟ್ಟು ಮೇಡಂ, ಇರ್ಲಿ ಬಿಡಿ.” ಇರಲಿ ಎಂದೆವು.

ಜೂನ್‌ನಲ್ಲಿ ಪಿಎಚ್‌ಕ್ಯೂ-9 ಅಂಕ 5. ಆನ್-ಕಾಲ್ ಸರದಿ ಏಪ್ರಿಲ್ ಬದಲು ಮೇ ಮಧ್ಯದಿಂದ ಶುರುವಾಗಿತ್ತು, ನಾಲ್ವರ ಬದಲು ಮೂವರಿಗೆ. ಭೇಟಿ ಈಗ ಮೂರು ತಿಂಗಳಿಗೊಮ್ಮೆ. ರೆಡ್ ಬುಲ್ ವಿಷಯವನ್ನು ಅವರು ಇನ್ನೂ ಒಪ್ಪಿಲ್ಲ, ಒಪ್ಪಿಸುವುದು ನಮ್ಮ ಗುರಿಯೂ ಆಗಿರಲಿಲ್ಲ.

ಇದೇ ಬಗೆಯ ದೂರಿನೊಂದಿಗೆ ಬರುವವರಲ್ಲಿ ಎರಡು ವಾರ ದಾಟಿದ ನಿದ್ರಾಹೀನತೆ, ಕೆಲಸಕ್ಕೆ ಹೋಗಲಾಗದ ಸ್ಥಿತಿ, ಬೆಟ್ಟಿಂಗ್ ಸಾಲ ಅಥವಾ ಸಾಯುವ ಮಾತು ಕಂಡರೆ ಆಪ್ತಸಲಹೆಯೊಂದೇ ಸಾಲದು, ಮನೋವೈದ್ಯರಿಗೆ ಕಳಿಸಬೇಕು. ಸಾಯುವ ಮಾತು ಬಂದರೆ ಅದೇ ದಿನ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಬೆಟ್ಟಿಂಗ್ ಬಗ್ಗೆ ಹೆಂಡತಿ ಎದುರು ಕೇಳಬೇಡಿ, ಒಬ್ಬರೇ ಇದ್ದಾಗ ಕೇಳಿ.