ಎರಡು ದಿನದ ಪ್ರಾಗ್ ಸಾಲದೇ?

ಪತ್ರ: ಮಾನ್ಯ ಸಂಪಾದಕರೇ, ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಚೆಕ್ ದೇಶದ ರಾಜಧಾನಿ ಪ್ರಾಗಿಗೆ ಹೋಗಿಬಂದ ಬರಹವನ್ನು ಕಳೆದ ಸಂಚಿಕೆಯಲ್ಲಿ ಓದಿದೆ. ಶುಕ್ರವಾರ ಸಂಜೆ ಬಸ್ ಹತ್ತಿ ಭಾನುವಾರ ರಾತ್ರಿ ವಾಪಸ್ ಬಂದವಳು ಆ ಊರಿನ ಬಗ್ಗೆ ನಾಲ್ಕು ಪುಟ ಬರೆಯುವುದೇ? ನಾನು ಕಂಪನಿ ಕೆಲಸದ ಮೇಲೆ ಅಲ್ಲಿ ಮೂರು ವರ್ಷ ಇದ್ದವನು. ಅಲ್ಲಿನ ಹಳೆಯ ಪುರಭವನದ ಗೋಪುರದ ಹೆಸರಾಂತ ಗಡಿಯಾರ ಮಾಡಿದ ಹನುಷ್‌ನ ಕಣ್ಣು ಕೀಳಿಸಿದ್ದು ಬರೀ ಕಟ್ಟುಕತೆ. ಟ್ರ್ಡೆಲ್ನಿಕ್ ಪ್ರಾಗಿನ ಹಳೆಯ ತಿಂಡಿಯೂ ಅಲ್ಲ. ಇಂಥ ಅವಸರದ ಬರಹ ಯಾಕೆ ಹಾಕುತ್ತೀರಿ? – ಓದುಗ, ಶಿವಮೊಗ್ಗ

ಉತ್ತರ: ಮಾನ್ಯರೇ, ಮೊದಲು ತಪ್ಪೊಪ್ಪಿಗೆ. ನೀವು ತೋರಿಸಿದ ಎರಡೂ ತಪ್ಪು ತಪ್ಪೇ. ಆ ಗಡಿಯಾರವನ್ನು 1410ರಲ್ಲಿ ಮಾಡಿದವನು ಕಡಾನ್ ಊರಿನ ಮಿಕುಲಾಶ್. ಇಂಥದ್ದನ್ನು ಇನ್ನೊಂದು ಊರಿಗೆ ಮಾಡಿಕೊಡದಿರಲಿ ಅಂತ ಹನುಷ್‌ನ ಕಣ್ಣು ತೆಗೆಸಿದರು ಅನ್ನುವುದು ಆಮೇಲೆ ಹುಟ್ಟಿದ ಕತೆ. ಟ್ರ್ಡೆಲ್ನಿಕ್ ಅಂದರೆ ಕೋಲಿಗೆ ಹಿಟ್ಟು ಸುತ್ತಿ, ಸುಟ್ಟು, ಸಕ್ಕರೆ ಹಚ್ಚಿ ಕೊಡುವ ಸಿಹಿ. ಅದು ಪ್ರಾಗಿನ ಬೀದಿ ತುಂಬಿದ್ದು ಈಚೆಗೆ, ಪ್ರವಾಸಿಗರ ದೆಸೆಯಿಂದ. ಆದರೆ ಹುಡುಗಿಯನ್ನು ಬಯ್ಯಬೇಡಿ. ಕರಡು ನೋಡಿದವನು ನಾನು. ಕಣ್ಣು ಕಿತ್ತ ಕತೆ ಓದುತ್ತಿದ್ದಂತೆ ನಮ್ಮ ಜಕಣಾಚಾರಿ ನೆನಪಾಗಿ, ಖುಷಿಯಲ್ಲಿ ಪುಟ ತಿರುಗಿಸಿಬಿಟ್ಟೆ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಮುಂದೆ, ಮಗನಿಗೆ ಸೋತು ಕೈ ಕತ್ತರಿಸಿಕೊಂಡ ಆ ಕತೆಯನ್ನು ಗೈಡುಗಳ ಬಾಯಲ್ಲಿ ಕೇಳದವರು ಯಾರಿದ್ದಾರೆ? ಒಳ್ಳೆಯ ಕೆಲಸ ಕಂಡರೆ ಸಾಕು, ಮಾಡಿದವನ ಕೈಯನ್ನೋ ಕಣ್ಣನ್ನೋ ತೆಗೆಯದೆ ಜನ ಸುಮ್ಮನಿರುವುದಿಲ್ಲ, ನೋಡಿ.

ಇಷ್ಟು ನಿಮ್ಮ ಪಾಲಿಗೆ. ಉಳಿದದ್ದಕ್ಕೆ ಜಗಳಕ್ಕೇ ಕೂತಿದ್ದೇನೆ.

ನನ್ನ ಸೋದರಮಾವ ಮುಂಬೈಯಲ್ಲಿ 31 ವರ್ಷ ಇದ್ದರು. ಎಲಿಫೆಂಟಾ ಗುಹೆ ನೋಡಿದ್ದೀರಾ ಮಾವ ಅಂತ ಒಮ್ಮೆ ಕೇಳಿದೆ. “ಇಲ್ಲೇ ಇದೆಯಲ್ಲೋ, ಎಲ್ಲಿಗೆ ಓಡಿ ಹೋಗ್ತದೆ” ಅಂದರು. ರಿಟೈರ್ ಆಗಿ ಊರಿಗೆ ಬಂದರು, ತೀರಿಯೂ ಹೋದರು. ಗುಹೆ ಅಲ್ಲೇ ಇದೆ.

ಇನ್ನು ನನ್ನ ಕತೆ ಕೇಳಿ. ಏಳನೇ ಕ್ಲಾಸಿನಲ್ಲಿ ಮೇಷ್ಟರು ನಮ್ಮನ್ನು ಒಂದೇ ದಿನ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಸುತ್ತಿಸಿದರು. ಹಳೇಬೀಡಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಮೇಲಿನ ಶಿಲ್ಪವೆಲ್ಲ ದೊಡ್ಡವರ ಬೆನ್ನ ಹಿಂದೆ ಮರೆಯಾಗಿತ್ತು. ನನ್ನ ಕೈಗೆ ಸಿಕ್ಕಿದ್ದು ತಳದ ಸಾಲಿನ ಆನೆಗಳು. ಒಂದರ ಸೊಂಡಿಲು ಮುಟ್ಟಿದೆ. ಬಿಸಿಲಿಗೆ ಕಲ್ಲು ಚುರ್ ಅಂತು. ಆಮೇಲೆ ಎಷ್ಟೋ ಸಲ ಹೋಗಿದ್ದೇನೆ, ಪುಸ್ತಕ ಹಿಡಿದೂ ಹೋಗಿದ್ದೇನೆ. ಕಣ್ಣು ಮುಚ್ಚಿದರೆ ಬರುವುದು ಮಾತ್ರ ಆ ಬಿಸಿ ಸೊಂಡಿಲೇ.

ಈಗ ಆ ಹುಡುಗಿ ನೋಡಿದ್ದನ್ನು ಇನ್ನೊಮ್ಮೆ ನೋಡೋಣ. ಎಂಟು ಮಂದಿಯ ಹಾಸ್ಟೆಲ್ ರೂಮಿನಲ್ಲಿ ಯಾರದೋ ಗೊರಕೆಗೆ ನಿದ್ದೆ ಬಾರದೆ, ಬೆಳಗಿನ ಐದೂವರೆಗೆ ಎದ್ದು ಚಾರ್ಲ್ಸ್ ಸೇತುವೆಗೆ ಹೋದಳು. 1357ರಲ್ಲಿ ಕಟ್ಟಲು ಶುರುಮಾಡಿದ, ಅರ್ಧ ಕಿಲೋಮೀಟರಿಗೂ ಉದ್ದದ ಸೇತುವೆ. ಮೇಲೆ 30 ಶಿಲ್ಪ. ಹಗಲು ಹೊತ್ತು ಕಾಲಿಡಲು ಜಾಗವಿರುವುದಿಲ್ಲ. ಸಂತ ನೆಪೊಮುಕ್‌ನ ಪ್ರತಿಮೆಯ ಕೆಳಗೆ ಒಂದು ಕಂಚಿನ ಫಲಕದಲ್ಲಿ ನಾಯಿಯಿದೆ. ಫಲಕವೆಲ್ಲ ಕಪ್ಪು, ನಾಯಿ ಮಾತ್ರ ಬಂಗಾರದ ಹಾಗೆ ಹೊಳೆಯುತ್ತಿದೆ. ಬಂದವರೆಲ್ಲ ಸವರಿ ಸವರಿ ಹಾಗಾಗಿದೆ. “ನಮ್ಮೂರ ಈಶ್ವರನ ಗುಡಿಯ ಬಸವನ ಬೆನ್ನು ನೆನಪಾಯಿತು” ಅಂತ ಬರೆದಳಲ್ಲ, ಆ ಒಂದು ಸಾಲಿಗೇ ನಾನು ನಾಲ್ಕು ಪುಟ ಕೊಟ್ಟೆ.

ಆಮೇಲೆ ಗಡಿಯಾರ. ಗಂಟೆ ಹೊಡೆಯುವಾಗ ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಕಿಟಕಿಯಲ್ಲಿ ಯೇಸುವಿನ ಶಿಷ್ಯರು ಬಂದು ಹೋಗುತ್ತಾರೆ. ಇನ್ನೂರು ಜನ ಫೋನು ಎತ್ತಿ ಹಿಡಿದಿರುತ್ತಾರೆ. ಈಕೆ ಮೂಲೆ ತಿರುಗಿ, ಷೂ ಲೇಸು ಬಿಚ್ಚಿಹೋಯಿತು ಅಂತ ಬಗ್ಗಿದಳು. ನೆಲದಲ್ಲಿ ಬಿಳಿ ಶಿಲುಬೆಗಳು. ಎಣಿಸಿದಳು, 27. ಆಗ ಆ ನಾಡನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ದೊರೆಯ ವಿರುದ್ಧ ದಂಗೆ ಎದ್ದ 27 ಮುಖಂಡರನ್ನು 1621ರ ಜೂನ್ 21ರಂದು ಕೊಂದದ್ದು ಅಲ್ಲೇ. ಅದರ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು, ಡ್ರೆಸ್ಡೆನ್‌ನಿಂದ ಕಟ್ಟಿಕೊಂಡು ಹೋಗಿದ್ದ ಚಪಾತಿ ಚಟ್ನಿಪುಡಿ ತಿಂದಳಂತೆ. ತಿನ್ನಬೇಕೋ ಬೇಡವೋ ಅಂತ ಯೋಚನೆಯಾಯಿತಂತೆ, ಹಸಿವು ಗೆದ್ದಿತಂತೆ. ಮೂರು ವರ್ಷ ಇದ್ದವರು ನೀವು, ಆ ಶಿಲುಬೆಗಳನ್ನು ಖಂಡಿತ ನೋಡಿರುತ್ತೀರಿ. ಪತ್ರದಲ್ಲಿ ಮಾತ್ರ ಅದರ ಸುದ್ದಿಯೇ ಇಲ್ಲ.

ಶನಿವಾರ ರಾತ್ರಿ ನ್ಯಾಷನಲ್ ಥಿಯೇಟರಿನಲ್ಲಿ ಎಲ್ಲಕ್ಕಿಂತ ಮೇಲಿನ ಗ್ಯಾಲರಿಯ ಅಗ್ಗದ ಟಿಕೆಟು. ಅರ್ಥವಾಗದ ಹಾಡು ಕೇಳುತ್ತ, ವೇದಿಕೆಯ ನೆತ್ತಿಯ ಮೇಲಿದ್ದ ಎರಡು ಪದ ಬರೆದುಕೊಂಡು ಬಂದಳು: ನಾರೊದ್ ಸೊಬ್ಯೆ. ನಾಡು ತನಗೆ ತಾನೇ ಕಟ್ಟಿಕೊಂಡದ್ದು ಅಂತ ಅರ್ಥ. ಈ ಥಿಯೇಟರು ಕಟ್ಟಲು ಹೊರಟ ಕಾಲದ ಪ್ರಾಗಿನಲ್ಲಿ ಕಚೇರಿ ಮತ್ತು ದೊಡ್ಡ ಓದಿನ ಭಾಷೆ ಜರ್ಮನ್. ಚೆಕ್ ಮಾತಾಡುವ ಜನ ತಮ್ಮ ಭಾಷೆಯ ನಾಟಕಕ್ಕೊಂದು ಮನೆ ಬೇಕು ಅಂತ ಮನೆಮನೆಯಿಂದ ದುಡ್ಡು ಎತ್ತಿದರು. 1881ರ ಜೂನ್‌ನಲ್ಲಿ ಬಾಗಿಲು ತೆರೆಯಿತು, ಆಗಸ್ಟ್‌ನಲ್ಲಿ ಬೆಂಕಿ ಬಿತ್ತು. ಮತ್ತೆ ಕೈಚಾಚಿದರು. 47 ದಿನದಲ್ಲಿ ಹತ್ತು ಲಕ್ಷ ಗುಲ್ಡನ್ ಬಂತು. 1883ರ ನವೆಂಬರಿನಲ್ಲಿ ಮತ್ತೆ ಪರದೆ ಎದ್ದಿತು.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನನಗೆ ಗೊತ್ತಿರುವ ಒಂದು ರಂಗಮಂದಿರದಲ್ಲಿ ಮಳೆಗಾಲದ ನಾಟಕಕ್ಕೆ ಪ್ರೇಕ್ಷಕರೇ ಕೊಡೆ ತರುತ್ತಾರೆ. ಸೂರಿಗೆ ನಾಲ್ಕು ಶೀಟು ಹಾಕಿಸೋಣ, ತಲಾ ಐನೂರು ಹಾಕಿ ಅಂದೆ. “ಅನುದಾನ ಬರ್ತದೆ ಬಿಡಿ ಸಾರ್” ಅಂದರು. ಆರು ವರ್ಷವಾಯಿತು. ಕೊಡೆಗಳು ಮಾತ್ರ ಬದಲಾಗಿವೆ.

ಎಲ್ಲಿಗೋ ಹೋದೆ. ಅವಸರದ ಬರಹ ಅಂದಿರಲ್ಲ, ನನ್ನ ಮೇಜಿನ ಮೇಲೆ ಬಂದು ಬೀಳುವ ನಿಧಾನದ ಬರಹಗಳನ್ನು ನಿಮಗೆ ತೋರಿಸಬೇಕು. ಮೊದಲ ಪುಟ ಪೂರ್ತಿ ವೀಸಾ. ಎರಡನೇ ಪುಟ ಏರ್‌ಪೋರ್ಟು. ಮೂರನೆಯದರಲ್ಲಿ ಅನ್ನ ಸಿಗಲಿಲ್ಲ ಅನ್ನುವ ಗೋಳು. ನಾಲ್ಕನೆಯದರಲ್ಲಿ ಊರು ಬಂತು ಅನ್ನುವಷ್ಟರಲ್ಲಿ “ನಯನಮನೋಹರ”, ಅಲ್ಲಿಗೆ ಮುಗಿಯಿತು. ಬರೆದವರು ಕಾರು, ಹೋಟೆಲು, ಗೈಡು ಎಲ್ಲ ಇದ್ದವರು. ಆ ಹುಡುಗಿಗೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಲ್ಯಾಬ್. ಊರಲ್ಲಿ ಬ್ಯಾಂಕ್ ಸಾಲ. ಅವಳ ಪಾಲಿಗೆ ಯುರೋಪು ಬರುವುದೇ ಶನಿವಾರ, ಭಾನುವಾರ. ಅದನ್ನೂ ಸಾಲದು ಅಂದರೆ ಹೇಗೆ?

ನಿಮ್ಮ ಮೇಲೆ ಸಿಟ್ಟಿಲ್ಲ. ಗಡಿಯಾರದ ತಪ್ಪು ಹಿಡಿದವರು ನೀವೊಬ್ಬರೇ, ನನ್ನನ್ನೂ ಸೇರಿಸಿ ಉಳಿದವರೆಲ್ಲ ನಿದ್ದೆಯಲ್ಲಿದ್ದೆವು. ಅದಕ್ಕೇ ಕೇಳುತ್ತಿದ್ದೇನೆ, ನಿಮ್ಮ ಮೂರು ವರ್ಷದ ಪ್ರಾಗ್ ಎಲ್ಲಿ? ನೀವು ದಿನಾ ಹತ್ತುತ್ತಿದ್ದ ಟ್ರಾಮಿನ ನಂಬರು, ಮಹಡಿ ಮೆಟ್ಟಿಲಲ್ಲಿ ಸಿಗುತ್ತಿದ್ದ ನೆರೆಯವರು, ಮೊದಲ ಹಿಮ ಬಿದ್ದ ದಿನ ಮನೆಯಲ್ಲಿ ಏನು ಅಡಿಗೆ, ಇದೆಲ್ಲ ಆ ಹುಡುಗಿಗೆ ಗೊತ್ತಾಗುವಂಥದ್ದಲ್ಲ. ನಾಲ್ಕು ಪುಟ ಬರೆಯಿರಿ, 20ನೇ ತಾರೀಕಿನೊಳಗೆ ಕಳಿಸಿ. ವೀಸಾ ಬೇಡ.

ಹಾಂ, ಕಚೇರಿಯವರು ನೆನಪಿಸಿದರು. ನಿಮ್ಮ ಚಂದಾ ಯುಗಾದಿಗೇ ಮುಗಿದಿದೆ.