ಹಿತ್ತಲಿನ ಸಣ್ಣ ಮನೆಗೂ ಪಾಯಾ ಗಟ್ಟಿಯೇ ಬೇಕು

ದೀಪಾವಳಿ ಮುಗಿಯಿತೆಂದರೆ ಹಿತ್ತಲಲ್ಲಿ ಇನ್ನೊಂದು ಸಣ್ಣ ಮನೆ ಕಟ್ಟುವವರ ಪ್ರಶ್ನೆಗಳು ಶುರುವಾಗುತ್ತವೆ. ಒಬ್ಬರಿಗೆ ಮಗನ ಮದುವೆ, ಒಬ್ಬರಿಗೆ ಊರಿಂದ ಬರುವ ಅಪ್ಪ-ಅವ್ವ, ಇನ್ನೊಬ್ಬರಿಗೆ ಬಾಡಿಗೆಯ ಆಸೆ. ಎಷ್ಟು ಸಲ ಬರೆದರೂ ಅದೇ ತಪ್ಪು ಮಾಡಿ, ಗೋಡೆ ಬಿರಿದ ಮೇಲೆ ಫೋಟೊ ಕಳಿಸುತ್ತೀರಿ. ಹಾಗಾಗಿ ಈ ಸಲ ಹುಬ್ಬಳ್ಳಿಯ ಓದುಗರೊಬ್ಬರ ಒಂದೇ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಯಾವ ಕಂಪನಿಯ ಸಿಮೆಂಟ್, ಯಾವ ಬಣ್ಣದ ಟೈಲ್ಸ್ ಎಂಬುದನ್ನು ಅಂಗಡಿಯಲ್ಲಿ ಕೇಳಿ.

ಹುಬ್ಬಳ್ಳಿಯ ಗದಗ ರಸ್ತೆ ಕಡೆ ನಮ್ಮ ಮನೆ. ಹಿಂದಿನ ಖಾಲಿ ಜಾಗದಲ್ಲಿ ಹಾಲ್, ಒಂದು ರೂಮು, ಅಡುಗೆಮನೆ ಇರುವಷ್ಟು ಕಟ್ಟಬೇಕು. ಎರಿ ಮಣ್ಣು, ಅಂದರೆ ಕರಿ ಮಣ್ಣು. ಮೇಲೆ ಮಹಡಿ ಏರಿಸುವುದಿಲ್ಲ, ಹಾಗಾಗಿ ಮೂರಡಿ ಪಾಯಾ ಸಾಕು, ತಳಕ್ಕೆ ಉಸುಕು ತುಂಬೋಣ ಎಂದು ಗೌಂಡಿ ಹೇಳುತ್ತಾರೆ. ಎಂಜಿನಿಯರ್ ಹೇಳಿದ ಖರ್ಚು ಅದರ ದುಪ್ಪಟ್ಟು. ಯಾರ ಮಾತು ಕೇಳಲಿ?

ಎಂಜಿನಿಯರ್ ಮಾತು ಕೇಳಿ. ಗೋಡೆ ಏರಿಸುವುದು, ಗಿಲಾವು ಮಾಡುವುದು ಗೌಂಡಿಗೆ ಚೆನ್ನಾಗಿ ಗೊತ್ತು. ಎರಿಯ ಒಳಗೆ ಆರು ತಿಂಗಳಲ್ಲಿ ಏನಾಗುತ್ತದೆ ಎಂಬುದನ್ನು ನೋಡಲು ಅವರು ತಿರುಗಿ ಬರುವುದಿಲ್ಲ.

ಮನೆ ಹಗುರ ಇದ್ದರೆ ಪಾಯಾ ಹಗುರ ಇದ್ದರೂ ನಡೆಯುತ್ತದೆ ಎಂಬ ಲೆಕ್ಕ ಧಾರವಾಡದ ಕೆಂಪು ಮಣ್ಣಿನಲ್ಲಿ, ಗರಸಿನಲ್ಲಿ (ಕಂಕರ ಬೆರೆತ ಗಟ್ಟಿ ಮಣ್ಣಿನಲ್ಲಿ) ನಡೆದೀತು. ಎರಿಯಲ್ಲಿ ಅದು ಪೂರ್ತಿ ಉಲ್ಟಾ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇದೆ. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬಿ ಮೇಲಕ್ಕೆ ಒತ್ತುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮೂರಂತಸ್ತಿನ ಕಟ್ಟಡದ ಭಾರ ಆ ಒತ್ತನ್ನು ಒಂದಿಷ್ಟಾದರೂ ತಡೆಯುತ್ತದೆ. ನಿಮ್ಮ ಸಣ್ಣ ಮನೆಗೆ ಆ ಭಾರವೇ ಇಲ್ಲ, ಮಣ್ಣು ಅದನ್ನು ಸಲೀಸಾಗಿ ಎತ್ತುತ್ತದೆ. ಎತ್ತುವುದೂ ಸಮನಾಗಿ ಅಲ್ಲ. ಮನೆಯ ನಡುವಿನ ಮಣ್ಣು ಬಿಸಿಲು ಕಾಣದೆ ಹಸಿ ಉಳಿಯುತ್ತದೆ, ಮೂಲೆಗಳು ಬೇಸಿಗೆಗೆ ಒಣಗಿ ಕುಸಿಯುತ್ತವೆ, ಮಳೆಗಾಲಕ್ಕೆ ಮತ್ತೆ ಏಳುತ್ತವೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಏಪ್ರಿಲ್‌ನಲ್ಲಿ ಬಾಯಿ ಬಿಟ್ಟು, ಆಗಸ್ಟ್‌ನಲ್ಲಿ ಮುಚ್ಚಿಕೊಳ್ಳುವ ಬಿರುಕು ಇದರದ್ದೇ. ಕುಂದಗೋಳ, ಅಣ್ಣಿಗೇರಿ, ನವಲಗುಂದ, ಗದಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇಸಿಗೆಯಲ್ಲಿ ಹೊಲ ಹೇಗೆ ಬಾಯಿ ಬಿಡುತ್ತದೆ ಎಂದು ನೋಡಿದ್ದೀರಿ.

ಉಸುಕು ತುಂಬುವ ಸಲಹೆ ನನಗೆ ಸಿಟ್ಟು ತರಿಸುತ್ತದೆ. ಸುತ್ತಲಿನ ಎರಿ ನೀರನ್ನು ಬೇಗ ಬಿಡುವುದಿಲ್ಲ, ನಡುವಿನ ಉಸುಕಿನಲ್ಲಿ ಬಟ್ಟಲಲ್ಲಿ ನಿಂತಂತೆ ನೀರು ನಿಲ್ಲುತ್ತದೆ, ಪಾಯಾದ ಅಡಿಯ ಎರಿ ಅದನ್ನೇ ಕುಡಿದು ಉಬ್ಬುತ್ತದೆ. ತಳಕ್ಕೆ ಸುಣ್ಣ ಎರಚುವುದೂ ವ್ಯರ್ಥ. ಸುಣ್ಣವನ್ನು ಅಳತೆಯಂತೆ ಮಣ್ಣಿನಲ್ಲಿ ಅರೆದು ಬೆರೆಸಿ ದಮ್ಮಸು ಮಾಡಿದರೆ ಮಾತ್ರ ಗುಣ ಬರುತ್ತದೆ, ರಸ್ತೆ ಕೆಲಸದಲ್ಲಿ ಹಾಗೆ ಮಾಡುತ್ತಾರೆ. ‘ಈ ದ್ರಾವಣ ಸುರಿದರೆ ಎರಿ ಕಲ್ಲಾಗುತ್ತದೆ’ ಎಂದು ಡಬ್ಬಿ ಮಾರಲು ಬರುವವರನ್ನು ಗೇಟಿನಿಂದಲೇ ಕಳಿಸಿ. ಬರೀ ಕಬ್ಬಿಣ ಹೆಚ್ಚು ಹಾಕಿದರೂ ಮಣ್ಣು ಉಬ್ಬುವುದು ನಿಲ್ಲುವುದಿಲ್ಲ.

ಮೊದಲು ಒಂದು ಗುಂಡಿ ತೋಡಿಸಿ ನೋಡಿ. ನಾಲ್ಕೈದು ಅಡಿಗೆ ಗರಸು ಹತ್ತಿದರೆ ನಿಮ್ಮ ಪುಣ್ಯ. ಎರಿಯನ್ನು ಪೂರ್ತಿ ದಾಟಿ, ಗರಸಿನೊಳಗೆ ಒಂದಡಿ ಇಳಿದು ಪಾಯಾ ಕೂಡಿಸಿ. ಹತ್ತಡಿ ಇಳಿದರೂ ಕರಿ ಮಣ್ಣೇ ಬಂದರೆ ಅಂಡರ್‌ರೀಮ್ಡ್ ಪೈಲ್ ಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಇದನ್ನು ರೂಢಿಗೆ ತಂದಿತು. ಸುಮಾರು ಮೂರೂವರೆ ಮೀಟರ್ ಆಳಕ್ಕೆ ರಂಧ್ರ ಕೊರೆದು, ತಳದಲ್ಲಿ ಅದರ ಎರಡೂವರೆ ಪಟ್ಟು ಅಗಲದ ಗಡ್ಡೆ ಬಿಡಿಸಿ ಕಾಂಕ್ರೀಟ್ ಹಾಕುತ್ತಾರೆ. ಮೇಲಿನ ಮಣ್ಣು ಏನೇ ಕುಣಿದರೂ ಕೆಳಗಿನ ಗಡ್ಡೆ ಕದಲುವುದಿಲ್ಲ. ಪೈಲ್ ಮೇಲಿನ ಬೀಮಿಗೂ ನೆಲಕ್ಕೂ ನಡುವೆ ಕನಿಷ್ಠ 80 ಮಿಲಿಮೀಟರ್ ಖಾಲಿ ಇರಲೇಬೇಕು. ಹಾವು-ಹೆಗ್ಗಣ ಹೊಗುತ್ತವೆ ಎಂದು ಗೌಂಡಿಗಳು ಅಲ್ಲಿ ಮಣ್ಣು ಗಿಡಿದು ಬಿಡುತ್ತಾರೆ. ಆಗ ಉಬ್ಬಿದ ಮಣ್ಣು ನೇರ ಬೀಮನ್ನೇ ಎತ್ತುತ್ತದೆ, ಪೈಲಿಗೆ ಹಾಕಿದ ದುಡ್ಡು ಹೋದಂತೆಯೇ. ಹೊರಬದಿಗೆ ಒಂದು ಸಾಲು ಇಟ್ಟಿಗೆ ಆನಿಸಿ, ಒಳಗೆ ಖಾಲಿ ಬಿಡಿ. ಆ ದಿನ ಎದುರಿಗೆ ನಿಂತು ಮಾಡಿಸಿ.

ಅಗೆದು ತೆಗೆದ ಕರಿ ಮಣ್ಣನ್ನೇ ಪ್ಲಿಂಥ್ (ಪಾಯಾದ ಮೇಲೆ ನೆಲಮಟ್ಟದವರೆಗಿನ ಕಟ್ಟೆ) ಒಳಗೆ ತುಂಬುವುದು ಇನ್ನೊಂದು ಅನಾಹುತ. ಮಣ್ಣು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಉಳಿಯುತ್ತದೆ, ಎರಡು ಮಳೆಗಾಲಕ್ಕೆ ಟೈಲ್ಸ್ ಎದ್ದು ಬಾಗಿಲು ತೆರೆಯದಂತಾಗುತ್ತದೆ. ಎರಿ ಮಣ್ಣಿನ ಮೇಲೆ ದೀರ್ಘಕಾಲ ಕೆಲಸ ಮಾಡಿದ ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರು 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ: ಅಂಟು ಇದ್ದೂ ಉಬ್ಬದ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪ ಹಾಸಿ ದಮ್ಮಸು ಮಾಡಿದರೆ ಕೆಳಗಿನ ಎರಿಯ ಉಬ್ಬು ಬಹಳಷ್ಟು ಅಡಗುತ್ತದೆ. ನಮ್ಮಲ್ಲಿ ಒಳ್ಳೆಯ ಗರಸು ಆ ಕೆಲಸಕ್ಕೆ ಒದಗುತ್ತದೆ. ಒಮ್ಮೆಲೇ ಸುರಿಯದೆ ಎಂಟೆಂಟು ಇಂಚಿನ ಪದರ ಹಾಕಿ ಬಡಿಸಿ.

ನಿಮ್ಮ ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯುವ ಪರೀಕ್ಷೆ ಸರಳ. ಒಣಗಿಸಿ ಸಣ್ಣ ಜರಡಿ ಹಿಡಿದ ಮಣ್ಣು ಹತ್ತು ಹತ್ತು ಗ್ರಾಂ ತೆಗೆದು, ಒಂದು ಅಳತೆಯ ಗಾಜಿನ ನಳಿಗೆಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿಲಿಲೀಟರ್‌ಗೆ ಕೂತದ್ದು ನೀರಿನಲ್ಲಿ 18ಕ್ಕೆ ಏರಿದರೆ ಉಬ್ಬು ಶೇ 80. ಶೇ 50 ದಾಟಿದ ಮಣ್ಣಿನ ಮೇಲೆ ಮೂರಡಿ ಪಾಯಾದ ಮಾತೇ ಬೇಡ. ಮಣ್ಣು ಪರೀಕ್ಷೆಯ ಪ್ರಯೋಗಾಲಯದವರು ಮಾಡಿಕೊಡುತ್ತಾರೆ.

ಇನ್ನು ನೀರು. ಮಲಪ್ರಭೆಯ ನೀರಿಗಾಗಿ ದಿನಗಟ್ಟಲೆ ಕಾಯುವ ಓಣಿಗಳಲ್ಲಿ ಮನೆಗೊಂದು ಸಂಪ್ ಇದ್ದೇ ಇದೆ. ಸೋರುವ ಸಂಪ್ ಪಕ್ಕದಲ್ಲಿ ಎಂಥ ಪಾಯಾಕ್ಕೂ ನಾನು ಭರವಸೆ ಕೊಡುವುದಿಲ್ಲ. ತುಂಬಿಸಿ, ಮುಚ್ಚಿ, ಮರುದಿನ ಮಟ್ಟ ಅಳೆಯಿರಿ, ಇಳಿದಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಹೊಸ ಮನೆಯ ಸುತ್ತ ನಾಲ್ಕಡಿ ಅಗಲ ಕಾಂಕ್ರೀಟ್ ಪಟ್ಟಿ ಹೊರಕ್ಕೆ ಇಳಿಜಾರಾಗಿರಲಿ. ಮಾಳಿಗೆಯ ನೀರು ಪೈಪಿನಲ್ಲಿ ಗಟಾರಕ್ಕೇ ಹೋಗಲಿ. ಗೋಡೆಗೆ ತಾಗಿ ಬಾಳೆಗಿಡ ಬೇಡ, ಬೇವಿನ ಮರವೂ ಬೇಡ. ಹಳೇ ಮನೆಯ ಗೋಡೆಗೆ ಅಂಟಿಸಿ ಕಟ್ಟಿ ಒಂದು ಗೋಡೆ ಉಳಿಸುವ ಯೋಚನೆ ಇದ್ದರೆ ಬಿಡಿ. ಎರಡೂ ಬೇರೆ ಬೇರೆ ಕದಲುತ್ತವೆ, ಮೇಲಾಗಿ ಹಳೇ ಪಾಯಾದ ಬುಡ ಅಗೆಯುವುದು ಜೀವಕ್ಕೇ ಅಪಾಯ.

ಕೆಲಸವನ್ನು ಒಣ ದಿನಗಳಲ್ಲಿ ಹಿಡಿದು ಮಿರಗದ ಮಳೆಗೆ ಮುಂಚೆ ಪ್ಲಿಂಥ್ ಮುಗಿಸಿ. ಅಗೆದ ಪಾಯಾವನ್ನು ಮುಹೂರ್ತ ಕಾಯುತ್ತ ವಾರಗಟ್ಟಲೆ ತೆರೆದಿಡಬೇಡಿ.

ಈಶಾನ್ಯ ಮೂಲೆಯಲ್ಲಿ ಸಣ್ಣ ಮನೆ ಕಟ್ಟಿದರೆ ಮನೆತನಕ್ಕೆ ಕೇಡಂತೆ, ಹೌದೇ? (ನವನಗರ)

ಆ ಮೂಲೆಯಲ್ಲಿ ನಿಮ್ಮ ಸಂಪ್ ಇದ್ದರೆ ಕಟ್ಟಬೇಡಿ. ಬೇರೆ ಕಾರಣ ನನಗೆ ಕಾಣುವುದಿಲ್ಲ.

ಬರೀ ಒಂದು ರೂಮಿಗೂ ಪಾಲಿಕೆಯ ಪರವಾನಗಿ ಬೇಕೆ? (ಹಳೇ ಹುಬ್ಬಳ್ಳಿ)

ಬೇಕು. ಹಿಂದೆ ಬಿಡಬೇಕಾದ ಜಾಗ ಬಿಟ್ಟೇ ಕಟ್ಟಬೇಕು. ಪರವಾನಗಿಯಂತೆ ಕಟ್ಟಿದ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡನೇ ಮೀಟರ್ ಬೇಕಿದ್ದರೆ ಪಾಯಾ ತೋಡುವ ಮೊದಲೇ ಹೆಸ್ಕಾಂನಲ್ಲಿ ವಿಚಾರಿಸಿ. ಎನ್‌ಎ (ಕೃಷಿಯೇತರ) ಆಗದ ಜಾಗವಾದರೆ ನನಗೆ ಬರೆಯಲೇಬೇಡಿ.

ಜಾಗ ಅಪ್ಪನ ಹೆಸರಲ್ಲಿದೆ, ದುಡ್ಡು ನನ್ನದು. ಇಬ್ಬರು ತಮ್ಮಂದಿರಿದ್ದಾರೆ. ಕಟ್ಟಲೇ? (ಹಾವೇರಿ)

ವಕೀಲರನ್ನು ಕಂಡು, ಕಾಗದ ಮಾಡಿಸಿ, ಆಮೇಲೆ ಕಟ್ಟಿ.

ವಯಸ್ಸಾದ ಅವ್ವನಿಗಾಗಿ ಕಟ್ಟುತ್ತಿದ್ದೇವೆ. ಏನು ಗಮನಿಸಬೇಕು? (ಧಾರವಾಡ, ಮಾಳಮಡ್ಡಿ)

ಬಚ್ಚಲು ಮಲಗುವ ಕೋಣೆಗೆ ಹೊಂದಿಕೊಂಡೇ ಇರಲಿ, ಅದರ ಬಾಗಿಲು ಹೊರಕ್ಕೆ ತೆರೆಯಲಿ. ಅವರು ಒಳಗೆ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ನೀವು ದೂಡಲಾರಿರಿ. ಹೊಸ್ತಿಲು ಎತ್ತರ ಬೇಡ, ನುಣುಪಾದ ಟೈಲ್ಸ್ ಬೇಡ, ಬಾಗಿಲು ಗಾಲಿಕುರ್ಚಿ ಹೋಗುವಷ್ಟು ಅಗಲ ಇರಲಿ. ಗೋಡೆಯ ಹಿಡಿಕೆಯನ್ನು ಈಗಲೇ ಹಾಕಿಸಿ.

ಹೋದ ವರ್ಷ ಕಟ್ಟಿದ ಹಿತ್ತಲಿನ ಮನೆ ಈಗಲೇ ಬಿರಿದಿದೆ. ಸಿಮೆಂಟ್ ಮೆತ್ತಿ ಬಣ್ಣ ಹೊಡೆದರೆ ಆಯಿತಲ್ಲವೇ? (ಗದಗ)

ಆಗುವುದಿಲ್ಲ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದು, ತಿಂಗಳಿಗೊಮ್ಮೆ ಅಳತೆ ತೆಗೆಯಿರಿ. ಋತುವಿಗೆ ತಕ್ಕಂತೆ ಅಗಲವಾಗಿ ಕಿರಿದಾಗುತ್ತಿದ್ದರೆ ಮಣ್ಣಿನದೇ ಕೆಲಸ. ಒಂದೇ ಸಮನೆ ಅಗಲವಾಗುತ್ತ ಹೋದರೆ ತಡಮಾಡದೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಅಲ್ಲಿಯವರೆಗೆ ಬಚ್ಚಲಿನ ಪೈಪ್ ಗೋಡೆ ದಾಟುವ ಕಡೆ ಅಗೆದು ನೋಡಿ, ಸೋರಿಕೆ ಹೆಚ್ಚಾಗಿ ಅಲ್ಲೇ ಸಿಗುತ್ತದೆ.