ಮನೆ ಬಾಗಿಲಿಗೆ ಮಾತ್ರೆ ತಲುಪಿಸಿದರೆ ಸಾಕಾ?

ಒಂದು ದೇಶದಲ್ಲಿ ಕುಟುಂಬ ಯೋಜನೆ ಎಲ್ಲರಿಗೂ ತಲುಪಬೇಕಾದರೆ ಮಾತ್ರೆ, ಕಾಂಡೋಮ್‌ಗಳನ್ನು ಮನೆ ಮನೆಗೆ ಬಿಟ್ಟಿಯಾಗಿ ಹಂಚಿ, ಜೋರಾಗಿ ಪ್ರಚಾರ ಮಾಡಿದರೆ ಸಾಲದೇ ಎಂದು ಕೇಳಿದ್ದೀರಿ.

ಸಾಲದು. ಬಾಂಗ್ಲಾದೇಶದಲ್ಲಿ ಇದನ್ನು ಮಾಡಿಯೇ ನೋಡಿದ್ದಾರೆ. ಅಲ್ಲಿನ ಮತ್ಲಬ್ ಎಂಬ ಕಡೆ 1975ರಲ್ಲಿ ಹಳ್ಳಿ ಹಳ್ಳಿಯಲ್ಲೂ ಮಾತ್ರೆ, ಕಾಂಡೋಮ್ ಹಂಚಿದರು. ಮೊದಲ ಕೆಲವು ತಿಂಗಳು ಬಳಸುವವರು ಜಾಸ್ತಿಯಾದರು. ಆಮೇಲೆ ಒಬ್ಬೊಬ್ಬರೇ ಬಿಟ್ಟರು. ಮಾತ್ರೆ ತಗೊಂಡು ತಲೆ ಸುತ್ತಿದರೆ, ಮುಟ್ಟು ಏರುಪೇರಾದರೆ ಯಾರನ್ನು ಕೇಳಬೇಕು? ಹಂಚಿ ಹೋದವರಿಗೆ ಅದನ್ನು ವಿವರಿಸುವ ತರಬೇತಿ ಇರಲಿಲ್ಲ.

1977ರಲ್ಲಿ ದಾರಿ ಬದಲಿಸಿದರು. ಸ್ವಲ್ಪ ಓದಿದ, ಮದುವೆಯಾದ ಯುವತಿಯರಿಗೆ ತರಬೇತಿ ಕೊಟ್ಟು, ಎರಡು ವಾರಕ್ಕೊಮ್ಮೆ ಮನೆಗಳಿಗೆ ಕಳಿಸಿದರು. ಮಾತ್ರೆ ಒಗ್ಗದವರಿಗೆ ಇಂಜೆಕ್ಷನ್, ಅದೂ ಬೇಡವೆಂದರೆ ಬೇರೆ ವಿಧಾನ. ತೊಂದರೆ ಹೆಚ್ಚಾದರೆ ಕ್ಲಿನಿಕ್. ಒಂದೂವರೆ ವರ್ಷದೊಳಗೆ ಮದುವೆಯಾದ ಹೆಂಗಸರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಏನಾದರೊಂದು ವಿಧಾನ ಬಳಸುತ್ತಿದ್ದರು.

ನನ್ನ ಮಟ್ಟಿಗೆ ಇಡೀ ವಿಷಯ ನಿಂತಿರುವುದು, ಕೊಟ್ಟು ಹೋದಮೇಲೆ ಮತ್ತೆ ಬಂದು ವಿಚಾರಿಸುವ ಆ ಎರಡನೇ ಭೇಟಿಯ ಮೇಲೆ. ಜಾಗೃತಿ ಅಂದಕೂಡಲೇ ನಾವು ಗೋಡೆ ಬರಹ, ಜಾಥಾ ಅಂದುಕೊಳ್ಳುತ್ತೇವೆ. ಆದರೆ ಇಂಜೆಕ್ಷನ್ ತಗೊಂಡವಳಿಗೆ ಮುಟ್ಟು ನಿಂತರೆ 'ಕೆಟ್ಟ ರಕ್ತ ಒಳಗೇ ಸೇರ್ಕೊಳ್ತಿದೆ' ಎಂಬ ಭಯ ಹುಟ್ಟುತ್ತದೆ. ಹಾಗೇನೂ ಆಗುವುದಿಲ್ಲ, ಇಂಜೆಕ್ಷನ್‌ನಿಂದ ಮುಟ್ಟು ನಿಲ್ಲುವುದುಂಟು ಅಂತ ಮೊದಲೇ ಹೇಳಿದ್ದರೆ ಅವಳು ಹೆದರುತ್ತಿರಲಿಲ್ಲ ಅಲ್ವಾ? ಹೇಳದಿದ್ದರೆ ಅವಳ ಭಯ ಇಡೀ ಬೀದಿಯ ಭಯವಾಗುತ್ತದೆ. ಅದನ್ನು ಯಾವ ಪೋಸ್ಟರ್ ಕೂಡ ಅಳಿಸಲಾರದು.

ಇನ್ನು ಬಲವಂತ. ಅದು ಬೇಡವೇ ಬೇಡ. ಭಾರತ ಸರ್ಕಾರ 1952ರಲ್ಲೇ ಕುಟುಂಬ ಯೋಜನೆ ಶುರು ಮಾಡಿತ್ತು. ಆದರೆ ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ, ಸುಮಾರು 60 ಲಕ್ಷ ಗಂಡಸರಿಗೆ ಮಕ್ಕಳಾಗದಂತೆ ಆಪರೇಷನ್ ಮಾಡಿದರು. ಎಷ್ಟೋ ಜನರನ್ನು ಎಳೆದೊಯ್ದು ಮಾಡಿದರು. ಅದರ ಹೆದರಿಕೆ ಇವತ್ತಿಗೂ ಹೋಗಿಲ್ಲ ಎಂದೇ ನನ್ನ ಅನಿಸಿಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ: ಮದುವೆಯಾದ ಹೆಂಗಸರಲ್ಲಿ ತಾವೇ ಆಪರೇಷನ್ ಮಾಡಿಸಿಕೊಂಡವರು ಸುಮಾರು ಶೇ 38, ಗಂಡನ ಆಪರೇಷನ್ ನೆಚ್ಚಿಕೊಂಡವರು ಶೇ 0.3. ಹೆರುವವಳೂ ಅವಳೇ, ಹೊಟ್ಟೆ ಕೊಯ್ಯಿಸಿಕೊಳ್ಳುವವಳೂ ಅವಳೇ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಹಾಗಾಗಿ ಗಂಡಂದಿರನ್ನೂ ಕೂರಿಸಿಕೊಂಡು ಮಾತಾಡುವ ಆರೋಗ್ಯ ಕಾರ್ಯಕರ್ತರು ಬೇಕು. ಗಂಡಸರ ಆಪರೇಷನ್ ಕೆಲವೇ ನಿಮಿಷದ್ದು, ಗಂಡಸುತನ ಹೋಗುವುದಿಲ್ಲ. ಆದರೆ ಆಪರೇಷನ್ ಆದಮೇಲೂ ಸುಮಾರು ಮೂರು ತಿಂಗಳು ಕಾಂಡೋಮ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಈ ಒಂದು ಮಾತು ಹೇಳದೆ ಕಳಿಸಿಬಿಟ್ಟರೆ, ಅಷ್ಟರಲ್ಲಿ ಹೆಂಡತಿ ಗರ್ಭಿಣಿಯಾದಾಗ ಅನುಮಾನ ಬೀಳುವುದು ಅವಳ ಮೇಲೆ.